ಅಪ್ಪನ ಮಿಲ್ಲು ಮುಚ್ಚಿದ ಭಯ ನನ್ನನ್ನು ಬಿಟ್ಟಿಲ್ಲ

ಪ್ರಶ್ನೆ: ಮೇಡಂ, ನನಗೆ ಹನ್ನೊಂದು ವರ್ಷವಿದ್ದಾಗ ಹೊರದೇಶದ ಬಟ್ಟೆಯ ಮೇಲಿನ ಸುಂಕ ಇಳಿಸಿದರು. ಅಪ್ಪ ದುಡಿಯುತ್ತಿದ್ದ ಮಿಲ್ಲು ಎರಡೇ ವರ್ಷದಲ್ಲಿ ಮುಚ್ಚಿತು. ಅವರಿಗೆ ಮತ್ತೆ ಅಂಥ ಕೆಲಸ ಸಿಗಲಿಲ್ಲ, ಊರು ಬಿಟ್ಟೂ ಹೋಗಲಿಲ್ಲ. ಈಗ ನನಗೆ 34. ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ, ಇರುವುದನ್ನು ಬಿಡಲು ಧೈರ್ಯವಿಲ್ಲ. ಹಣವೆಲ್ಲ ಉಳಿತಾಯ ಖಾತೆಯಲ್ಲೇ ಇದೆ. ನಾನು ಹೇಡಿನಾ?

ಉತ್ತರ: ಖಂಡಿತ ಅಲ್ಲ. ನಾನು 31 ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವಳು. ಹೆಚ್ಚಿನವರು ಮೊದಲು ಬಡ್ಡಿ ಕೇಳುತ್ತಿದ್ದರು. ಕೆಲವರು ಮಾತ್ರ "ನನ್ನ ಕೆಲಸ ಹೋದರೆ ನೀವು ಏನು ಮಾಡ್ತೀರಿ?" ಅಂತ ಶುರು ಮಾಡುತ್ತಿದ್ದರು. ಮಾತಾಡಿಸಿದರೆ, ಅವರ ಮನೆಯಲ್ಲಿ ಎಂದೋ ಒಬ್ಬರ ಕೆಲಸ ಹೋಗಿರುತ್ತಿತ್ತು.

ಇದು ಬರೀ ನನ್ನ ಅಂದಾಜಲ್ಲ. ಉಲ್ರಿಕೆ ಮಾಲ್‌ಮೆಂಡಿಯರ್ ಮತ್ತು ಸ್ಟೆಫಾನ್ ನಾಗೆಲ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕುಟುಂಬಗಳ ಲೆಕ್ಕ ನೋಡಿ 2011ರಲ್ಲಿ ಬರೆದರು: ಷೇರುಪೇಟೆ ಸೊರಗಿದ ಕಾಲ ಕಂಡವರು ಎಷ್ಟೋ ವರ್ಷ ಕಳೆದರೂ ಷೇರಿಗೆ ಕೈ ಹಾಕುವುದು ಕಡಿಮೆ. ಇತ್ತೀಚಿನ ಅನುಭವಕ್ಕೆ ತೂಕ ಜಾಸ್ತಿ, ಆದರೂ ಹಳೆಯದು ಪೂರ್ತಿ ಅಳಿಯುವುದಿಲ್ಲ.

ನಿಮ್ಮಪ್ಪನ ಬಗ್ಗೆಯೂ ಒಂದು ಮಾತು. ಅವರು ಊರು ಬಿಡಲಿಲ್ಲ ಅಂತ ನಿಮ್ಮ ಮನಸ್ಸಿನಲ್ಲಿ ಬೇಸರವಿದ್ದರೆ ದಯವಿಟ್ಟು ಬಿಡಿ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಅಲ್ಲಿನ ಅಗ್ಗದ ಸರಕು ಬಂದು, ಅಮೆರಿಕದಲ್ಲಿ ಪೀಠೋಪಕರಣ, ಬಟ್ಟೆ ಮಾಡುತ್ತಿದ್ದ ಊರುಗಳು ಕಂಗೆಟ್ಟವು. ಕೆಲಸ ಹೋದವರು ಬೇರೆ ಕಡೆ ಹೋಗುತ್ತಾರೆ, ಬೇರೆ ಕಸುಬು ಹಿಡಿಯುತ್ತಾರೆ ಅಂತ ಅರ್ಥಶಾಸ್ತ್ರಜ್ಞರು ನಂಬಿದ್ದರು. ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಜೊತೆಗಾರರು ಅಂಕಿಅಂಶ ತೆಗೆದು ನೋಡಿದಾಗ, ಹತ್ತು ವರ್ಷ ದಾಟಿದರೂ ಆ ಊರುಗಳು ಚೇತರಿಸಿಕೊಂಡಿರಲಿಲ್ಲ. ಹೇಗೆ ಚೇತರಿಸಿಕೊಳ್ಳಬೇಕು? ಮಿಲ್ಲು ಮುಚ್ಚಿದ ಊರಲ್ಲಿ ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ. ಕೈಯಲ್ಲಿರುವ ಕಸುಬು ಆ ಯಂತ್ರಕ್ಕೇ ಒಗ್ಗಿದ್ದು. ಕಡಿಮೆ ಬೆಲೆಯ ಬಟ್ಟೆ ಎಲ್ಲರಿಗೂ ಸಿಕ್ಕಿತು, ಅದರ ನೋವು ಮಾತ್ರ ಕೆಲವೇ ಮನೆಗಳಿಗೆ ಬಂತು. ಸುಂಕ ಇಳಿಸುವವರು ಆ ಮನೆಗಳ ಬಗ್ಗೆ ಮೊದಲೇ ಯೋಚಿಸಬೇಕು ಅಲ್ವಾ? ನನಗೆ ಇದು ಇವತ್ತಿಗೂ ಸಿಟ್ಟು ತರಿಸುತ್ತದೆ.

ಈಗ ನಿಮ್ಮ ವಿಷಯ. ಅಪ್ಪನ ಸಂಬಳ, ಮನೆ, ಕಸುಬು ಮೂರೂ ಒಂದೇ ಮಿಲ್ಲನ್ನು ನಂಬಿದ್ದವು. ನಿಮ್ಮದೂ ಹಾಗೇನಾ? ನೀವು ಕಲಿತ ಕೆಲಸಕ್ಕೆ ಇನ್ನೂ ನಾಲ್ಕು ಕಡೆ ಬೇಡಿಕೆಯಿದ್ದರೆ, ಆರು ತಿಂಗಳ ಖರ್ಚು ಕೈಯಲ್ಲಿದ್ದರೆ, ನೀವು ನಿಂತಿರುವ ಜಾಗ ಬೇರೆ. ಆ ಆರು ತಿಂಗಳ ಹಣ ಖಾತೆಯಲ್ಲೇ ಇರಲಿ. ಉಳಿದದ್ದನ್ನು ಸುಮ್ನೆ ಅಲ್ಲೇ ಬಿಡಬೇಡಿ. ಬೆಲೆ ಏರಿಕೆಗಿಂತ ಬಡ್ಡಿ ವರ್ಷಕ್ಕೆ 3% ಕಡಿಮೆಯಿದ್ದರೆ, ಸುಮಾರು 23 ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ.

ಹೊಸ ಕೆಲಸಕ್ಕೆ ಹೂಂ ಅನ್ನುವ ಮೊದಲು ಅಪ್ಪನ ಹತ್ತಿರ ಒಂದು ಸಂಜೆ ಕೂತು ಕೇಳಿ: ಮಿಲ್ಲು ಮುಳುಗುತ್ತಿದೆ ಅಂತ ಮೊದಲು ಗೊತ್ತಾದದ್ದು ಹೇಗೆ? ಓವರ್‌ಟೈಮ್ ನಿಂತಾಗಲಾ, ಆರ್ಡರ್ ಕಡಿಮೆಯಾದಾಗಲಾ, ಸಂಬಳ ತಡವಾದಾಗಲಾ? ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅದೇ ಚೀಟಿ ಹಿಡಿದು ಹೊಸ ಕಂಪನಿಯಲ್ಲಿ ಈಗ ಇರುವ ಒಬ್ಬರನ್ನು ಮಾತಾಡಿಸಿ.