ಕಣ ನೋಡದೆ ಕಾಫಿ ಕೊಳ್ಳಬೇಡಿ

ಓದುಗರ ಪ್ರಶ್ನೋತ್ತರ

ಪ್ರಶ್ನೆ: ಅಂಗಡಿ ಪುಡಿ ಬಿಟ್ಟು ಬೆಳೆಗಾರರಿಂದಲೇ ಕಾಫಿ ತರಬೇಕೆಂದಿದ್ದೇವೆ. ಚಿಕ್ಕಮಗಳೂರಿನ ಕಡೆ ಯಾವಾಗ ಹೋದರೆ ಒಳ್ಳೆಯದು? (ದಾವಣಗೆರೆ)

ಉತ್ತರ: ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾದ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿಯಲ್ಲಿ ಮುಗಿಯುತ್ತಾ ಬರುತ್ತದೆ. ರೋಬಸ್ಟಾ ಅದರ ಬೆನ್ನಿಗೇ ಬಂದು ಫೆಬ್ರವರಿ ದಾಟುತ್ತದೆ. ಮಳೆಗಾಲದಲ್ಲಿ ಹೋದರೆ ಹಸಿರು ಕಾಯಿ ಮತ್ತು ಇಂಬಳ, ಅಷ್ಟೇ. ಮೊದಲೇ ಫೋನ್ ಮಾಡಿ, ಆ ಊರಿನ ಸಂತೆ ಯಾವ ವಾರ ಎಂದು ಕೇಳಿಕೊಳ್ಳಿ. ಸಂತೆಯ ದಿನ ಆಳುಗಳಿಗೆ ರಜೆ, ತೋಟ ಖಾಲಿ. ಬೆಳಿಗ್ಗೆ ಹತ್ತಕ್ಕೆ ಹೋಗುವ ಬದಲು ಮಧ್ಯಾಹ್ನ ಮೂರರ ಮೇಲೆ ಹೋಗಿ. ಕೊಯ್ದ ಹಣ್ಣು ಚೀಲದಲ್ಲಿ ತೂಕಕ್ಕೆ ಬರುವುದು, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ (ಪಲ್ಪರ್) ತಿರುಗುವುದು ಆ ಹೊತ್ತಿಗೇ.

ಪ್ರಶ್ನೆ: ಎಲ್ಲರೂ ತಮ್ಮ ಕಾಫಿಯೇ ಚೆನ್ನ ಎನ್ನುತ್ತಾರೆ. ತೋಟದಲ್ಲಿ ಏನು ನೋಡಿದರೆ ನಿಜ ಗೊತ್ತಾಗುತ್ತದೆ? (ಬೆಂಗಳೂರು)

ಉತ್ತರ: ಗಿಡಗಳ ನಡುವೆ ಅರ್ಧ ದಿನ ಸುತ್ತುವುದಕ್ಕಿಂತ ಪಲ್ಪಿಂಗ್ ಮನೆ ಮತ್ತು ಕಾಫಿ ಒಣಗಿಸುವ ಕಣದಲ್ಲಿ ಒಂದು ಗಂಟೆ ನಿಲ್ಲಿ. ಗಿಡ ಕೊಟ್ಟ ರುಚಿ ಉಳಿಯುವುದೋ ಕೆಡುವುದೋ ಅಲ್ಲಿ.

ಮೊದಲು ಹಣ್ಣಿನ ರಾಶಿ. ಕೆಂಪಿನ ನಡುವೆ ಹಸಿರು ಕಾಯಿ ಎಷ್ಟಿದೆ ನೋಡಿ. ಹಸಿರು ಕಾಯಿಯಲ್ಲಿ ಜಾರುವ ಲೋಳೆ ಇರುವುದಿಲ್ಲ. ಪಲ್ಪರ್ ಅದರ ಸಿಪ್ಪೆ ಬಿಡಿಸಲಾರದೆ ಬೀಜವನ್ನೇ ಜಜ್ಜುತ್ತದೆ, ಲೋಟದಲ್ಲಿ ಒಗರು ಬರುತ್ತದೆ. ಆಮೇಲೆ ಹಣ್ಣನ್ನು ನೀರಿಗೆ ಹಾಕುತ್ತಾರೆಯೇ ಕೇಳಿ. ತೇಲುವುದು ಜೊಳ್ಳು, ಇಲ್ಲವೇ ಕಾಯಿಕೊರಕ ಎಂಬ ಕೀಟ ಹೊಕ್ಕಿದ್ದು. ಅದನ್ನು ಬೇರೆ ಮಾಡಬೇಕು. ಕೊಯ್ದ ದಿನವೇ ಪಲ್ಪ್ ಆಗಬೇಕು. ರಾತ್ರಿ ರಾಶಿಯಲ್ಲೇ ಉಳಿದ ಹಣ್ಣು ಕಾವು ಏರಿ ಹುಳಿಯುತ್ತದೆ, ಆ ಹುಳಿನಾತ ಹುರಿದರೂ ಹೋಗದು.

ಪಲ್ಪರ್ ಬಾಯಿಂದ ಬೀಳುವ ಬೀಜ ಒಂದು ಹಿಡಿ ಕೈಗೆ ತೆಗೆದುಕೊಳ್ಳಿ. ಗೀರು ಬಿದ್ದ, ತುಂಡಾದ ಬೀಜ ಹೆಚ್ಚಿದ್ದರೆ ಯಂತ್ರದ ಸಂದು ತೀರಾ ಕಿರಿದಾಗಿದೆ. ಸಿಪ್ಪೆ ಬಿಡದ ಹಣ್ಣು ಇಡಿಯಾಗಿ ಬೀಳುತ್ತಿದ್ದರೆ ಸಂದು ಅಗಲ. ಗೀರಿನೊಳಗೆ ಹುಳಿ ಇಳಿದು ಬೀಜ ಕಂದಾಗುತ್ತದೆ.

ಪಲ್ಪ್ ಆದ ಬೀಜವನ್ನು ಹುಳಿಯಲು ಹಾಕುವ ತೊಟ್ಟಿಯಲ್ಲಿ ಅರೇಬಿಕಾ ಲೋಳೆ ಬಿಡಲು ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ಚಳಿ ಹೆಚ್ಚಿದ್ದರೆ ಇನ್ನೂ ತಡ. ಗಡಿಯಾರ ನಂಬುವವರಿಗಿಂತ ಕೈ ಹಾಕಿ ನೋಡುವವರನ್ನು ನಂಬಿ. ಒಂದು ಹಿಡಿ ತೊಳೆದು ಅಂಗೈಯಲ್ಲಿ ಉಜ್ಜಿದಾಗ ಹೊಳೆಯ ಸಣ್ಣ ಕಲ್ಲಿನಂತೆ ಕರಕರ ಅಂದರೆ ಆಯಿತು, ಜಾರಿದರೆ ಇನ್ನೂ ಆಗಿಲ್ಲ. ಹೊತ್ತು ಮೀರಿದ್ದು ಮೂಗಿಗೇ ತಿಳಿಯುತ್ತದೆ.

ಕೊನೆಗೆ ಕಣ. ತೊಳೆದ ಪಾರ್ಚ್‌ಮೆಂಟ್ (ಒಳಗಿನ ಗಟ್ಟಿ ಸಿಪ್ಪೆ ಉಳಿದಿರುವ ಬೀಜ) ಒಣಗಲು ಒಳ್ಳೆಯ ಬಿಸಿಲಿದ್ದರೆ ಏಳರಿಂದ ಹತ್ತು ದಿನ. ತೆಳ್ಳಗೆ ಹರಡಿ ಆಗಾಗ ಕೆದಕಬೇಕು. ನಡುಮಧ್ಯಾಹ್ನದ ಸುಡುಬಿಸಿಲಿಗೆ ಬಿಟ್ಟರೆ ಮೇಲಿನ ಸಿಪ್ಪೆ ಬಿರಿಯುತ್ತದೆ. ಸಂಜೆ ಗುಡ್ಡೆ ಮಾಡಿ ಮುಚ್ಚದಿದ್ದರೆ ಇಬ್ಬನಿ ಕುಡಿದು ಮುಗ್ಗುತ್ತದೆ. ಬರಿ ಮಣ್ಣಿನ ಮೇಲೆ ಒಣಗಿದ್ದಕ್ಕೆ ಮಣ್ಣಿನ ವಾಸನೆ ಖಂಡಿತ. ತೇವ ಶೇ 10ಕ್ಕೆ ಇಳಿಯಬೇಕು. 40 ಲೀಟರಿನ ಫೋರ್ಲಿಟ್ ಅಳತೆಯಲ್ಲಿ ದಿನವೂ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಚೀಲಕ್ಕೆ ತುಂಬುವ ಬೆಳೆಗಾರರು ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ. ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರ್ರಿಯಾದರೆ 12ರಿಂದ 15 ದಿನ. ಹಿಡಿಯಲ್ಲಿ ಅಲ್ಲಾಡಿಸಿದಾಗ ಒಳಗೆ ಗಲಗಲ ಎನ್ನಬೇಕು.

ಚಪ್ಪಲಿ ಬಿಟ್ಟು ಕಣಕ್ಕೆ ಇಳಿಯಿರಿ. ಕಾಫಿ ಸುತ್ತಲಿನ ವಾಸನೆ ಹೀರಿಕೊಳ್ಳುತ್ತದೆ, ಆದ್ದರಿಂದ ಬೀಡಿ ಸಿಗರೇಟು ಹತ್ತಿರ ಬೇಡ. ಒಂದು ತೋಟದ ಹಣ್ಣು ಜೇಬಿಗೆ ಹಾಕಿಕೊಂಡು ಇನ್ನೊಂದು ತೋಟಕ್ಕೆ ಹೋಗಬೇಡಿ, ಕಾಯಿಕೊರಕ ಹರಡುವ ದಾರಿಗಳಲ್ಲಿ ಇದೂ ಒಂದು.

ಪ್ರಶ್ನೆ: ಕಾಫಿ ಹೂ ನೋಡುವ ಆಸೆ. ಯಾವ ತಾರೀಖಿಗೆ ರೂಮು ಕಾದಿರಿಸಲಿ? (ಮುಂಬೈ)

ಉತ್ತರ: ತಾರೀಖು ಮಳೆಯ ಕೈಯಲ್ಲಿದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಹೂ ಬಿರಿಯುತ್ತದೆ, ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಆದರೆ ರೋಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುವವರು ಬಹಳ. ನೀರು ಕೊಟ್ಟ ದಿನ ಯಾವುದೆಂದು ಅವರನ್ನು ಕೇಳಿ ಎಣಿಸಿಕೊಂಡು ಹೊರಡಬಹುದು. ಹೂ ನಿಂತಾಗ ತೋಟದೊಳಗೆ ಬಿಡದಿದ್ದರೆ ಬೇಸರಪಡಬೇಡಿ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ, ಜೇನು ತಮ್ಮ ಕೆಲಸ ಮಾಡುವ ಆ ಮೂರು ದಿನ ಯಾರೂ ಗಿಡ ಅಲುಗಿಸಬಾರದು.

ಪ್ರಶ್ನೆ: ಯಾವ ರೂಪದಲ್ಲಿ, ಎಷ್ಟು ಕೊಳ್ಳುವುದು? (ಹುಬ್ಬಳ್ಳಿ)

ಉತ್ತರ: ಪಾರ್ಚ್‌ಮೆಂಟ್ ಬೇಡ, ಆ ಗಟ್ಟಿ ಸಿಪ್ಪೆ ಮನೆಯಲ್ಲಿ ಬಿಡಿಸುವುದು ಕಷ್ಟ. ಸಿಪ್ಪೆ ತೆಗೆದ ಹಸಿ (ಇನ್ನೂ ಹುರಿಯದ) ಬೀಜ ತನ್ನಿ. ಇದಕ್ಕೆ ಬೆಲೆ ಏಕೆ ಹೆಚ್ಚು ಎನಿಸಿದರೆ ಲೆಕ್ಕ ಹೀಗಿದೆ: ಸುಮಾರು ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ. ಹುರಿದರೆ ಆ ಕಿಲೋ 800–850 ಗ್ರಾಂಗೆ ಇಳಿಯುತ್ತದೆ. ಹಸಿ ಬೀಜವನ್ನು ಮಸಾಲೆ ಡಬ್ಬಿಗಳಿಂದ ದೂರ, ತೇವ ತಾಗದಂತೆ ಇಟ್ಟರೆ ಮುಂದಿನ ಕೊಯ್ಲಿನವರೆಗೂ ಬರುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟರೆ ಬೀಜ ಊದಿ ಬಿಳಿಚಿಕೊಳ್ಳುತ್ತದೆ (ಕರಾವಳಿಯಲ್ಲಿ ಬೇಕೆಂದೇ ಮುಂಗಾರು ಗಾಳಿಗೆ ಹರಡಿ ತಯಾರಿಸುವ ಮಾನ್ಸೂನ್ಡ್ ಮಲಬಾರ್ ಹುಟ್ಟಿದ್ದೂ ಇದೇ ಗುಣದಿಂದ). ಹುರಿದ ಬೀಜ ಕೊಂಡರೆ ಹುರಿದ ತಾರೀಖು ಕೇಳಿ. ಮೂರು ನಾಲ್ಕು ದಿನ ಬಿಟ್ಟು ಶುರುಮಾಡಿ, ಒಂದು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ, ಪುಡಿ ವಾರಕ್ಕೆ ಬೇಕಾದಷ್ಟು ಮಾಡಿಕೊಳ್ಳಿ.

ಹೋಂಸ್ಟೇಯಲ್ಲಿ ಪುಡಿಯೇ ಸಿಕ್ಕರೆ, ಅದು ಆ ತೋಟದ್ದೋ ಪೇಟೆಯಿಂದ ಬಂದದ್ದೋ ಎಂದು ನೇರವಾಗಿ ಕೇಳಿ. ಎಷ್ಟೋ ಬೆಳೆಗಾರರು ತಮ್ಮ ಬೆಳೆಯನ್ನೆಲ್ಲ, ಸಿಪ್ಪೆ ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿಬಿಡುತ್ತಾರೆ. ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಬರೆದಿರಬೇಕು. ಶೇ 49ರವರೆಗೆ ಬೆರೆಸಲು ಕಾನೂನಿನ ಅವಕಾಶವಿದೆ.

ಪ್ರಶ್ನೆ: ಪೀಬೆರಿಯೇ ಶ್ರೇಷ್ಠವೇ? (ತುಮಕೂರು)

ಉತ್ತರ: ಎರಡು ಬೀಜದ ಬದಲು ಒಂದೇ ದುಂಡು ಬೀಜ ಕಟ್ಟಿದರೆ ಪೀಬೆರಿ. ಗುಂಡಗಿರುವುದರಿಂದ ಸಮವಾಗಿ ಹುರಿಯುತ್ತದೆ. ಆದರೆ ಕೆಟ್ಟ ಕಣದಲ್ಲಿ ಒಣಗಿದ ಪೀಬೆರಿಗಿಂತ ಒಳ್ಳೆಯ ಕಣದ ಸಾಧಾರಣ ‘ಎ’ ದರ್ಜೆ (ಎರಡು ಬೀಜದ ಹಣ್ಣಿನ ದೊಡ್ಡ ಬೀಜ) ಮೇಲು.