ಮಾವನ ಮ್ಯಾಗ್ನಂ, ಮೂರು ಡಬ್ಬಿ ಸೀಸ, ಐದೇ ತೋಟಾ

ಪ್ರಶ್ನೆ: ನನ್ನ ಹೆಂಡತಿ ಇಲ್ಲಿಯವಳೇ, ಅಮೆರಿಕದ ಒಹಾಯೊದವಳು. ನನಗೆ ಗ್ರೀನ್ ಕಾರ್ಡ್ ಇದೆ. ಕಳೆದ ವರ್ಷ ತೀರಿಕೊಂಡ ಮಾವ ತಮ್ಮ ಹಳೇ ರೂಗರ್ .44 ಮ್ಯಾಗ್ನಂ ರಿವಾಲ್ವರನ್ನು ವಿಲ್‌ನಲ್ಲಿ ಮಗಳಿಗೆ ಬಿಟ್ಟಿದ್ದಾರೆ. ಪಕ್ಕದಲ್ಲಿ ಮೂರು ಸ್ಕ್ರೂ ಕಾಣುತ್ತವೆ, ಸಿಲಿಂಡರ್ ಮೇಲೆ ಗೀರುಗಳಿಲ್ಲ, ನಳಿಗೆ ಏಳೂವರೆ ಇಂಚು. ಜೊತೆಗೆ ಗುಂಡು ಎರೆಯುವ ಕಬ್ಬಿಣದ ಅಚ್ಚು, ಒಂದು ಸೌಟು, ಮೂರು ಕಾಫಿ ಡಬ್ಬಿ ತುಂಬ ಬೂದು ಬಣ್ಣದ ಲೋಹದ ಚೂರು, ಅವರೇ ಚಿಪ್ಪಿಗೆ ಮದ್ದು, ಗುಂಡು ಸೇರಿಸಿ ಕಟ್ಟಿಟ್ಟ ಒಂದಷ್ಟು ತೋಟಾ. ಅಂಗಡಿಯಿಂದ 'ಗಟ್ಟಿ ಸೀಸ' ಎಂದು ಬರೆದಿದ್ದ ತೋಟಾ ತಂದು ಗುರಿ ಅಭ್ಯಾಸದ ರೇಂಜಿನಲ್ಲಿ ಹೊಡೆದೆವು. ಐವತ್ತು ಮುಗಿಯುವಷ್ಟರಲ್ಲಿ ನಳಿಗೆಯೊಳಗೆ ಸೀಸ ಮೆತ್ತಿಕೊಂಡಿತ್ತು. ಇನ್ನೂ ಗಟ್ಟಿ ಗುಂಡು ಬೇಕೆ? ನಾವೇ ಎರೆಯಬಹುದೆ? ಕಂಪನಿಯವರು ಪುಕ್ಕಟೆ ಒಳಭಾಗ ಬದಲಿಸಿಕೊಡುತ್ತಾರಂತೆ, ಮಾಡಿಸಬೇಕೆ?

ಉತ್ತರ: ನೀವು ಕೇಳದೇ ಇರುವುದನ್ನು ಮೊದಲು ಕೇಳುತ್ತೇನೆ. ರೇಂಜಿನಲ್ಲಿ ಸಿಲಿಂಡರಿಗೆ ಎಷ್ಟು ತೋಟಾ ತುಂಬಿದಿರಿ? ಆರು ಎಂದಾದರೆ ಇನ್ನು ಮೇಲೆ ಐದು.

ನಿಮ್ಮ ಕೈಯಲ್ಲಿರುವುದು ರೂಗರ್ ಕಂಪನಿ 1959ರಲ್ಲಿ ಹೊರತಂದ ಸೂಪರ್ ಬ್ಲ್ಯಾಕ್‌ಹಾಕ್. ಮೂರು ಸ್ಕ್ರೂ ಇದೆ ಎಂದರೆ 1973ಕ್ಕಿಂತ ಹಿಂದಿನ ವಿನ್ಯಾಸ. ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿದರೆ ತಯಾರಾದ ವರ್ಷವೇ ಸಿಗುತ್ತದೆ. ಈ ಹಳೇ ವಿನ್ಯಾಸದಲ್ಲಿ, 1873ರ ಕೋಲ್ಟ್‌ನಲ್ಲಿದ್ದಂತೆಯೇ, ಹ್ಯಾಮರ್ (ಹಿಂಬದಿಯ ಪುಟ್ಟ ಸುತ್ತಿಗೆ) ಪೂರ್ತಿ ಕೆಳಗೆ ಕೂತಾಗ ಫೈರಿಂಗ್ ಪಿನ್ನಿನ ತುದಿ ಎದುರಿಗಿರುವ ತೋಟಾದ ಕೇಪಿಗೆ (ಪೆಟ್ಟಿಗೆ ಸಿಡಿದು ಮದ್ದು ಹೊತ್ತಿಸುವ ಬುಡದ ಬಿಲ್ಲೆಗೆ) ತಾಗಿಕೊಂಡೇ ಇರುತ್ತದೆ. ರಿವಾಲ್ವರ್ ಕೈಜಾರಿ ಹ್ಯಾಮರ್ ಕೆಳಗಾಗಿ ನೆಲಕ್ಕೆ ಬಿದ್ದರೆ, ಟ್ರಿಗರ್ ಯಾರೂ ಮುಟ್ಟದೆಯೇ ಗುಂಡು ಹಾರಬಹುದು. ಹ್ಯಾಮರನ್ನು ಸ್ವಲ್ಪ ಎಳೆದಾಗ ಸಿಕ್ಕುವ ಮೊದಲ ಕಚ್ಚಿಗೆ 'ಸೇಫ್ಟಿ' ಎಂಬ ಹೆಸರಿದೆ. ಹೆಸರಷ್ಟೇ. ಜೋರು ಪೆಟ್ಟು ಬಿದ್ದರೆ ಅಷ್ಟು ಸಣ್ಣ ಉಕ್ಕಿನ ಅಂಚು ಮುರಿಯಬಹುದು.

ಹಾಗಾಗಿ ತುಂಬುವ ಕ್ರಮ ಹೀಗೆ. ಹ್ಯಾಮರನ್ನು ಎರಡನೇ ಕಚ್ಚಿಗೆ ಎಳೆದು, ಬಲಬದಿಯ ಬಾಗಿಲು ತೆಗೆದು, ಒಂದು ಹಾಕಿ, ಒಂದು ಮನೆ (ತೋಟಾ ಕೂರುವ ಕುಳಿ) ಬಿಟ್ಟು, ನಾಲ್ಕು ಹಾಕಿ. ಬಾಗಿಲು ಮುಚ್ಚಿ. ಆಮೇಲೆ ಹ್ಯಾಮರನ್ನು ಪೂರ್ತಿ ಎಳೆದು, ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿದರೆ ಅದು ಖಾಲಿ ಮನೆಯ ಮೇಲೆ ಕೂರುತ್ತದೆ. ಎರಡನೇ ಕಚ್ಚಿನಿಂದಲೇ ನೇರ ಇಳಿಸಬೇಡಿ, ಸಿಲಿಂಡರ್ ಸುತ್ತ ಉಂಗುರದ ಹಾಗೆ ಗೀರು ಬೀಳುತ್ತದೆ. ಇದನ್ನು ಮೊದಲು ಖಾಲಿ ತೋಟಾ ಚಿಪ್ಪಿನಲ್ಲಿ ಇಪ್ಪತ್ತು ಸಲ ಮಾಡಿ ನೋಡಿ, ಕೈಗೆ ರೂಢಿಯಾಗಲಿ.

ಪುಕ್ಕಟೆ ಬದಲಾವಣೆಯ ಮಾತು ನಿಜ. 1982ರಿಂದ ಕಂಪನಿ ಈ ಸೇವೆ ಕೊಡುತ್ತಿದೆ. ಹ್ಯಾಮರಿಗೂ ಫೈರಿಂಗ್ ಪಿನ್ನಿಗೂ ನಡುವೆ ಒಂದು ಚಪ್ಪಟೆ ಪಟ್ಟಿ ಕೂರಿಸುತ್ತಾರೆ. ಟ್ರಿಗರ್ ಎಳೆದು ಹಿಡಿದಾಗ ಮಾತ್ರ ಅದು ಮೇಲೇರಿ ಹ್ಯಾಮರಿನ ಪೆಟ್ಟನ್ನು ಪಿನ್ನಿಗೆ ದಾಟಿಸುತ್ತದೆ, ಇಲ್ಲದಿದ್ದರೆ ಪೆಟ್ಟು ಪಿನ್ನಿಗೆ ಮುಟ್ಟುವುದೇ ಇಲ್ಲ. ಮಾವನೇ ಮಾಡಿಸಿರಲೂಬಹುದು, ಮೊದಲು ಅದನ್ನು ನೋಡಿಸಿ. ಕಾಡು ಸುತ್ತುವಾಗ ಸೊಂಟಕ್ಕೆ ಕಟ್ಟುವವರಿದ್ದರೆ ಎರಡು ಮಾತಿಲ್ಲ, ಮಾಡಿಸಿ. ತೆಗೆದ ಹಳೇ ಭಾಗಗಳನ್ನು ಕಂಪನಿ ವಾಪಸ್ ಕಳಿಸುತ್ತದೆ. ಆ ಪೊಟ್ಟಣವನ್ನು ರಿವಾಲ್ವರ್ ಜೊತೆಯಲ್ಲೇ ಇಡಿ, ಸಂಗ್ರಾಹಕರು ಬೆಲೆ ಕಟ್ಟುವಾಗ ಮೊದಲು ಕೇಳುವುದೇ ಅದನ್ನು. ರೇಂಜಿಗೆ ಮಾತ್ರ ಒಯ್ಯುವುದಾದರೆ, ಐದರ ನಿಯಮ ತಪ್ಪದೆ ಪಾಲಿಸುವವರಿಗೆ ಹಾಗೇ ಇಟ್ಟುಕೊಳ್ಳಿ ಎನ್ನುತ್ತೇನೆ. ಹಳೇ ಟ್ರಿಗರಿನ ಆ ನಯ ಬದಲಾವಣೆಯಾದ ಮೇಲೆ ಉಳಿಯುವುದಿಲ್ಲ. ನನ್ನದನ್ನು ನಾನು ಬದಲಿಸಿಲ್ಲ. ಆದರೆ ನನ್ನ ಮನೆಯಲ್ಲಿ ಅದನ್ನು ಮುಟ್ಟುವವನು ನಾನೊಬ್ಬನೇ.

ಈಗ ಸೀಸಕ್ಕೆ ಬರೋಣ. ನಳಿಗೆಗೆ ಸೀಸ ಮೆತ್ತಿದರೆ ಗುಂಡು ಮೆತ್ತಗಿದೆ ಎಂದು ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ನಾನು ನೋಡಿದ ಹತ್ತರಲ್ಲಿ ಎಂಟು ಕಡೆ ಗುಂಡು ಸಣ್ಣದಾಗಿತ್ತು. ನಮ್ಮೂರ ಕೈಪಂಪು ನೆನಪಿಸಿಕೊಳ್ಳಿ. ವಾಷರ್ ಸವೆದಿದ್ದರೆ ಎಷ್ಟು ಒತ್ತಿದರೂ ನೀರು ಪಕ್ಕದಿಂದ ಜಾರಿಹೋಗುತ್ತದೆ. ಗುಂಡು ನಳಿಗೆಗೆ ಬಿಗಿಯಾಗಿ ಕೂರದಿದ್ದರೆ ಹಿಂದಿನ ಬಿಸಿ ಅನಿಲ ಪಕ್ಕದ ಸಂದಿನಲ್ಲಿ ನುಗ್ಗಿ ಸೀಸವನ್ನು ಕೊರೆದು ಮುಂದೆ ಬಳಿಯುತ್ತದೆ. ಗುಂಡು ಗಟ್ಟಿಯಾದಷ್ಟೂ ಒತ್ತಡಕ್ಕೆ ಅಗಲವಾಗಿ ಆ ಸಂದು ಮುಚ್ಚುವ ಗುಣ ಕಡಿಮೆ. ಇನ್ನೂ ಗಟ್ಟಿಯದನ್ನು ತಂದರೆ ಕಾಯಿಲೆ ಹೆಚ್ಚಬಹುದು.

ಸೀಸ ಎಲ್ಲಿ ಮೆತ್ತಿದೆ ಎಂಬುದೂ ಸುಳಿವೇ. ಸಿಲಿಂಡರಿನ ಹತ್ತಿರ, ನಳಿಗೆ ಶುರುವಾಗುವಲ್ಲೇ ಇದ್ದರೆ ಅಳತೆಯ ದೋಷ. ಹೊರಬಾಯಿಯ ಕಡೆ ಇದ್ದರೆ ಗುಂಡಿಗೆ ಬಳಿದ ಗ್ರೀಸ್ ಅರ್ಧದಾರಿಯಲ್ಲೇ ಮುಗಿದಿದೆ ಎಂದರ್ಥ. ಮೆತ್ತಿದ್ದನ್ನು ತೆಗೆಯಲು ಪಾತ್ರೆ ಉಜ್ಜುವ ತಾಮ್ರದ ನಾರನ್ನು ಹಳೇ ಬ್ರಷ್ಷಿಗೆ ಸುತ್ತಿ ಎಳೆಯಿರಿ. ನಿಜವಾದ ತಾಮ್ರವೇ ಎಂದು ಮೊದಲು ಅಯಸ್ಕಾಂತ ಹಿಡಿದು ನೋಡಿ, ತಾಮ್ರದ ಬಣ್ಣ ಹೊಡೆದ ಉಕ್ಕಿನ ನಾರೂ ಅಂಗಡಿಗಳಲ್ಲಿದೆ.

ಅಳತೆಗೆ ಸುಲಭದ ಪರೀಕ್ಷೆ ಒಂದಿದೆ. ರಿವಾಲ್ವರ್ ಖಾಲಿ ಮಾಡಿ, ಸಿಲಿಂಡರ್ ಹೊರತೆಗೆದು, ಬಿಡಿ ಗುಂಡೊಂದನ್ನು ಮನೆಯ ಮುಂದಿನ ಬಾಯಿಗೆ ಇಟ್ಟು ಬೆರಳಲ್ಲಿ ಒತ್ತಿ. ಸ್ವಲ್ಪ ಒತ್ತಿಗೆ ಬಿಗಿಯಾಗಿ ಜಾರಿದರೆ ಸರಿ. ತನ್ನಷ್ಟಕ್ಕೆ ಕೆಳಗೆ ಬಿದ್ದರೆ ಗುಂಡು ಸಣ್ಣದು. ಒತ್ತಿದರೂ ಹೋಗದಿದ್ದರೆ ಬಾಯಿಯೇ ಸಣ್ಣದು, ಆಗ ಎಷ್ಟು ದಪ್ಪದ ಗುಂಡು ಹಾಕಿದರೂ ಅದು ಅಲ್ಲಿ ಹಿಂಡಿಸಿಕೊಂಡೇ ನಳಿಗೆಗೆ ಹೋಗುತ್ತದೆ. ಆರೂ ಮನೆ ನೋಡಿ. ನಳಿಗೆಯ ಅಳತೆಗೆ ಎಣ್ಣೆ ಸವರಿದ ಮೆತ್ತನೆ ಸೀಸದ ಉಂಡೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮರದ ಕೋಲಲ್ಲಿ ತಳ್ಳಿ, ಹೊರಬಂದದ್ದನ್ನು ಮೈಕ್ರೊಮೀಟರಿನಲ್ಲಿ ಹಿಡಿಯಿರಿ. ರೂಗರ್ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಆರು ತೋಡು ಇರುವುದರಿಂದ ಎದುರುಬದುರು ಅಳೆಯುವುದು ಸುಲಭ. ಉಂಡೆ ತಳ್ಳುವಾಗ ಕೈಗೆ ಗೊತ್ತಾಗುವುದು ಇನ್ನೊಂದಿದೆ: ನಳಿಗೆಯ ಥ್ರೆಡ್ ಫ್ರೇಮಿಗೆ ಕಚ್ಚುವ ಜಾಗದಲ್ಲಿ ಕೆಲವು ರೂಗರ್‌ಗಳು ಒಳಗೆ ಸ್ವಲ್ಪ ಬಿಗಿ. ಅಲ್ಲಿ ಉಂಡೆ ತಡೆದು, ಆಮೇಲೆ ಸಲೀಸಾಗಿ ಜಾರಿದರೆ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ.

ಎರಕದ ಗುಂಡು ನಳಿಗೆಯ ತೋಡಿನ ಅಳತೆಗಿಂತ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ದಪ್ಪ ಇರಬೇಕು. .429 ಇಂಚಿನ ನಳಿಗೆಗೆ .430 ಅಥವಾ .431. ಇಂಚಿನ ಸಾವಿರದ ಒಂದು ಪಾಲು ಎಂದರೆ ತಲೆಗೂದಲಿನ ದಪ್ಪದ ಮೂರನೇ ಒಂದರಷ್ಟು. ಅಷ್ಟಕ್ಕೇ ನಿಮ್ಮ ನಳಿಗೆ ಹಾಗಾಯಿತು ಎಂದರೆ ನಂಬುವುದು ಕಷ್ಟ, ಗೊತ್ತು.

ಸ್ವಂತ ಎರಕದ ಲಾಭ ಇರುವುದು ಇಲ್ಲೇ: ನಿಮ್ಮ ನಳಿಗೆಗೆ ಬೇಕಾದ ಅಳತೆಯನ್ನೇ ಮಾಡಿಕೊಳ್ಳಬಹುದು. ದುಡ್ಡು ಉಳಿಯುತ್ತದೆ ಎಂದು ಹೊರಟರೆ ನಿರಾಶೆಯಾಗುತ್ತದೆ. ಮಾವನ ಅಚ್ಚಿನ ಪಕ್ಕ 429421 ಎಂದು ಕೆತ್ತಿದ್ದರೆ ನೀವು ಅದೃಷ್ಟವಂತರು. ಅದು ಲೈಮನ್ ಕಂಪನಿಯ ಅಚ್ಚು, ಐಡಾಹೊದ ಎಲ್ಮರ್ ಕೀತ್ ಅವರ ವಿನ್ಯಾಸ. ಅದಕ್ಕೂ ಹಿಂದಿನ .44 ಸ್ಪೆಷಲ್ ಎಂಬ ತೋಟಾಕ್ಕೆ ಭಾರದ ಗುಂಡು, ಜೋರು ಮದ್ದು ಎಂದು ವರ್ಷಗಟ್ಟಲೆ ಪಟ್ಟು ಹಿಡಿದವರು ಅವರು. ಆ ಒತ್ತಾಯದ ಫಲವಾಗಿಯೇ 1955ರ ಕೊನೆಯಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ .44 ಮ್ಯಾಗ್ನಂ ತಂದವು. ರೂಗರ್ ಮರುವರ್ಷವೇ ತನ್ನ ಬ್ಲ್ಯಾಕ್‌ಹಾಕ್‌ನಲ್ಲಿ ಅದನ್ನು ಕೊಟ್ಟಿತು. ಈ ಗುಂಡಿನ ಮೂಗು ಚಪ್ಪಟೆ, ಹೆಗಲು ಪೂರಾ ದಪ್ಪ, ಗ್ರೀಸ್ ತುಂಬುವ ತೋಡು ಆಳ. ತೂಕ ಸುಮಾರು 250 ಗ್ರೇನ್, ನಮ್ಮ ಲೆಕ್ಕದಲ್ಲಿ 16 ಗ್ರಾಂ.

ಕಾಫಿ ಡಬ್ಬಿಗಳಲ್ಲಿ ಏನಿದೆ ಎಂದು ವಿಂಗಡಿಸದೆ ಒಲೆ ಹಚ್ಚಬೇಡಿ. ಕಾರಿನ ಚಕ್ರಕ್ಕೆ ಸಿಕ್ಕಿಸುವ ತೂಕದ ಚೂರುಗಳೇ ಹೆಚ್ಚಿರಬಹುದು. ಹಳೆಯವು ಸೀಸ, ಆಂಟಿಮನಿ, ತುಸು ತವರ ಬೆರೆತವು, ಗುಂಡಿಗೆ ಹೇಳಿ ಮಾಡಿಸಿದ ಹದ. ಅಂಟಿಸುವ ಮಾದರಿಯವು ಹೆಚ್ಚುಕಡಿಮೆ ಶುದ್ಧ ಸೀಸ, ಮೆತ್ತಗೆ. ನಡುವೆ ಸತುವಿನವೂ ಸೇರಿರುತ್ತವೆ, ಕೆಲವದರ ಮೇಲೆ Zn ಎಂದು ಅಚ್ಚಾಗಿರುತ್ತದೆ. ಅವನ್ನು ಆಯ್ದು ಎಸೆಯಿರಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು 419ಕ್ಕೆ. ಉರಿ ತಗ್ಗಿಸಿಟ್ಟರೆ ತಪ್ಪಿ ಬಿದ್ದ ಸತು ಮೇಲೆ ತೇಲುತ್ತದೆ, ಸೌಟಲ್ಲಿ ತೆಗೆಯಬಹುದು. ಕರಗಿ ಬೆರೆತುಹೋದರೆ ಆ ಪಾತ್ರೆಯಷ್ಟೂ ಲೋಹ ಗಂಜಿಯಂತಾಗಿ ಅಚ್ಚು ತುಂಬುವುದೇ ಇಲ್ಲ.

ಡಬ್ಬಿಯಲ್ಲಿ ಅಕ್ಷರ ಮೂಡಿದ ಪಟ್ಟಿಗಳೇನಾದರೂ ಸಿಕ್ಕರೆ ಅದು ಲೈನೋಟೈಪ್: ಸೀಸ 84, ಆಂಟಿಮನಿ 12, ತವರ 4. ನಮ್ಮ ಹಳೇ ಮುದ್ರಣಾಲಯಗಳ ಅಚ್ಚುಮೊಳೆಯೂ ಇದೇ ಮೂರು ಲೋಹಗಳ ಕೂಡಿಕೆ. ಅದನ್ನೊಂದನ್ನೇ ಎರೆದರೆ ಗುಂಡು ಗಾಜಿನಂತೆ ಪೆಡಸು. ಒಂದು ಪಾಲಿಗೆ ಮೂರು ಪಾಲು ಮೆತ್ತನೆ ಸೀಸ ಬೆರೆಸಿದರೆ ಚಕ್ರದ ತೂಕದ ಹದಕ್ಕೆ ಬರುತ್ತದೆ. ಮಧ್ಯಮ ವೇಗದ .44ಕ್ಕೆ ಅಷ್ಟು ಸಾಕು.

ಕೆಲಸ ಬಯಲಲ್ಲಿ, ಗಾಳಿ ಬೆನ್ನಿಗಿರುವಂತೆ ನಿಂತು. ಎರಕದ ಕಬ್ಬಿಣದ ಪಾತ್ರೆ, ಅಲ್ಯೂಮಿನಿಯಂ ಬೇಡವೇ ಬೇಡ. ಕನ್ನಡಕ, ಚರ್ಮದ ಗ್ಲೌಸ್, ಉದ್ದ ತೋಳಿನ ಹತ್ತಿ ಅಂಗಿ, ಶೂ. ಕಾದ ಎಣ್ಣೆಗೆ ಒದ್ದೆ ಕರಿಬೇವು ಹಾಕಿದಾಗ ಏನಾಗುತ್ತದೆ ಎಂದು ಒಗ್ಗರಣೆ ಹಾಕುವವರಿಗೆಲ್ಲ ಗೊತ್ತು. ಸೀಸ ಅದಕ್ಕಿಂತ ಎರಡು ಪಟ್ಟು ಬಿಸಿ, ಜೊತೆಗೆ ಭಾರ. ನನ್ನ ಎರಡನೇ ವರ್ಷ, ರಾತ್ರಿ ಇಬ್ಬನಿಯಲ್ಲಿ ಹೊರಗೇ ಉಳಿದಿದ್ದ ಒಂದು ಸೀಸದ ಗಟ್ಟಿಯನ್ನು ಒರೆಸಿಕೊಂಡು ಕರಗಿದ ಸೀಸಕ್ಕೆ ಬಿಟ್ಟೆ. ಒರೆಸಿದ್ದು ಸಾಲಲಿಲ್ಲ. ಕಾಲು ಪಾತ್ರೆ ಸೀಸ ಎಗರಿ ಶೆಡ್ಡಿನ ತಗಡಿಗೆ ಬೆಳ್ಳಿ ಚುಕ್ಕಿ ಇಟ್ಟ ಹಾಗೆ ಅಂಟಿತು. ನನ್ನ ಬಲಮೊಣಕೈ ಹತ್ತಿರ ಈಗಲೂ ಮೂರು ಕಲೆಗಳಿವೆ. ಅಂದಿನಿಂದ ಹೊಸ ಚೂರುಗಳೆಲ್ಲ ಒಲೆ ಹಚ್ಚುವ ಮುಂಚೆ, ತಣ್ಣಗಿನ ಪಾತ್ರೆಗೇ ಹೋಗುತ್ತವೆ.

ಕರಗಿದ ಮೇಲೆ ಒಣ ಮರದ ಪುಡಿ ಉದುರಿಸಿ ಚೆನ್ನಾಗಿ ತಿರುವಿ. ಅದು ಉರಿದು ಇದ್ದಿಲಾಗುವಾಗ ತವರವನ್ನು ಮತ್ತೆ ಲೋಹಕ್ಕೆ ಸೇರಿಸಿ ಕಿಟ್ಟವನ್ನು ಮೇಲೆತ್ತುತ್ತದೆ. ಎರೆಯುವ ಬಿಸಿ 370ರಿಂದ 400 ಡಿಗ್ರಿ. ಅಚ್ಚು ಕಾಯುವ ತನಕ ಗುಂಡುಗಳು ಸುಕ್ಕುಸುಕ್ಕು, ಮೊದಲ ದೋಸೆ ಕಾವಲಿಗೆ ಕಚ್ಚಿಕೊಳ್ಳುವ ಹಾಗೆ. ಹತ್ತು ಹದಿನೈದು ಹೀಗೆ ಹೋದ ಮೇಲೆ ಅಂಚುಗಳು ಚೂಪಾಗಿ ಬರತೊಡಗುತ್ತವೆ. ಮೈ ಮೇಲೆ ಮಂಜು ಕೂತಂತೆ ಮಂಕಾದರೆ ಅಚ್ಚು ಅತಿಯಾಗಿ ಕಾದಿದೆ, ಸ್ವಲ್ಪ ನಿಧಾನಿಸಿ. ಗುಂಡಿನ ಮೂಗಿಗಿಂತ ಬುಡ ನೋಡಿ. ಬುಡದ ಅಂಚು ಒಂದು ಕಡೆ ಮೊಂಡಾಗಿದ್ದರೂ ಗುರಿ ಕೆಡುತ್ತದೆ. ಅಂಥವು ವಾಪಸ್ ಪಾತ್ರೆಗೆ.

ಸೀಸದ ವಿಷ ಹೊಗೆಯಲ್ಲಿದೆ ಎಂದು ಹೆದರುವವರೇ ಕಿಟ್ಟದ ಪುಡಿಯನ್ನು ಬರಿಗೈಯಲ್ಲಿ ಬಳಿಯುತ್ತಾರೆ. ಈ ಬಿಸಿಯಲ್ಲಿ ಹೆಚ್ಚು ಅಪಾಯ ಆ ಬೂದು ಪುಡಿಯದ್ದೇ, ಕೈಯಿಂದ ಬಾಯಿಗೆ, ಬಟ್ಟೆಯಿಂದ ಮನೆಗೆ. ಎರೆಯುವಾಗ ಕಾಫಿ, ಕುರುಕಲು ಯಾವುದೂ ಬೇಡ. ಆ ಬಟ್ಟೆ ಬೇರೆಯಾಗಿ ಒಗೆಯಿರಿ, ಆ ಸೌಟು ಅಡುಗೆಮನೆಯ ಹೊಸಿಲು ದಾಟಬಾರದು. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಹುಷಾರು: ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಸೀಸ ಕಂಡರೂ ಗಮನಿಸಬೇಕು ಎನ್ನುತ್ತದೆ. ನಾನು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತೇನೆ, ನೀವೂ ಶುರು ಮಾಡುವ ಮುಂಚೆ ಒಮ್ಮೆ ಮಾಡಿಸಿಕೊಳ್ಳಿ.

ಮದ್ದಿನ ತೂಕ ಇಲ್ಲಿ ಬರೆಯುವುದಿಲ್ಲ. ಮದ್ದು ತಯಾರಿಸುವವರು ಮುದ್ರಿಸುವ ಪಟ್ಟಿ ಇದೆ, ಅದರಲ್ಲಿ ನಿಮ್ಮದೇ ತೂಕದ ಎರಕದ ಗುಂಡಿಗೆ ಕೊಟ್ಟ ಕನಿಷ್ಠದಿಂದ ಶುರು ಮಾಡಿ. ಮಾವ ಕಟ್ಟಿಟ್ಟ ತೋಟಾಗಳನ್ನು ಹೊಡೆಯಬೇಡಿ. ಅವರು ಎಷ್ಟೇ ಶಿಸ್ತಿನವರಿರಲಿ, ಒಳಗೆ ಯಾವ ಮದ್ದು ಎಷ್ಟಿದೆ ಎಂದು ಹೇಳಲು ಅವರಿಲ್ಲ. ತಿಳಿದವರಿಂದ ಬಿಚ್ಚಿಸಿ, ಗುಂಡು ಕರಗಿಸಿ ಅವರದೇ ಅಚ್ಚಿನಲ್ಲಿ ಮತ್ತೆ ಎರೆಯಿರಿ.

ಪ್ರಶ್ನೆ: ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯನ ಜೊತೆ ಗ್ಯಾರೇಜಿನಲ್ಲಿ ಗುಂಡು ಎರೆಯುವುದು ಹವ್ಯಾಸವಾಗಿದೆ. ರಿವಾಲ್ವರ್ ಅವನದು, ನನ್ನ ಬಳಿ ಎರೆದ ಗುಂಡು ಮಾತ್ರ. ತೊಂದರೆ ಇಲ್ಲ ತಾನೆ?

ಉತ್ತರ: ಇದೆ. 1968ರ ಗನ್ ಕಂಟ್ರೋಲ್ ಆ್ಯಕ್ಟ್‌ನ ಪ್ರಕಾರ ನಿಮ್ಮಂಥ ವೀಸಾದವರು ಕೋವಿಯನ್ನಷ್ಟೇ ಅಲ್ಲ, ಮದ್ದುಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಡಿ ಗುಂಡು, ಕೇಪು, ಖಾಲಿ ಚಿಪ್ಪು ಎಲ್ಲವೂ ಮದ್ದುಗುಂಡೇ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿದರೂ ಲೆಕ್ಕಕ್ಕೆ ಬರುತ್ತದೆ. ವಿನಾಯಿತಿಗಳಲ್ಲಿ ನಿಮಗೆ ಎಟುಕುವಂಥದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಅದು ಕೈಗೆ ಬರುವ ತನಕ ಗುಂಡುಗಳು ಗೆಳೆಯನ ಕಪಾಟಿನಲ್ಲಿರಲಿ, ಮುಂದಿನ ಹೆಜ್ಜೆಗೆ ಮುನ್ನ ವಕೀಲರನ್ನು ಕೇಳಿ. ಗುಂಡು ಮಾರುವ ಯೋಚನೆ ಇಬ್ಬರಿಗೂ ಬೇಡ, ವ್ಯಾಪಾರಕ್ಕೆ ತಯಾರಿಸಲು ಫೆಡರಲ್ ಲೈಸೆನ್ಸ್ ಬೇಕು.

ಪ್ರಶ್ನೆ: ನಮ್ಮದು ವಿರಾಜಪೇಟೆ. ಮಗ ಅಮೆರಿಕದ ಪೌರ, ಹಳೇ ಮಾದರಿ ರಿವಾಲ್ವರ್ ಇದೆ, ತಾನೇ ಗುಂಡು ಎರೆಯುತ್ತಾನೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಬರುವಾಗ ತರುತ್ತೇನೆ ಎನ್ನುತ್ತಾನೆ. ನಮಗೆ ಕೋವಿಗೆ ವಿನಾಯಿತಿ ಇದೆಯಲ್ಲ. ರಿವಾಲ್ವರ್ ಆಗದಿದ್ದರೆ ಅಚ್ಚು, ನಾಲ್ಕು ಗುಂಡಾದರೂ ತರಬಹುದೆ?

ಉತ್ತರ: ಅಮ್ಮಾ, ಎರಡೂ ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ, 2019ರಲ್ಲಿ 2029ರವರೆಗೆ ವಿಸ್ತರಿಸಿದ ವಿನಾಯಿತಿ ಭಾರತದಲ್ಲಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸಿಗೆ ಸಂಬಂಧಿಸಿದ್ದು. ಹೊರದೇಶದಿಂದ ಆಯುಧ ತರುವುದಕ್ಕೆ ಬೇರೆಯದೇ ಪರವಾನಗಿ ಬೇಕು. ಅಚ್ಚಿನ ವಿಷಯದಲ್ಲಂತೂ ಹೆಚ್ಚಿನವರಿಗೆ ತಿಳಿದೇ ಇಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಮದ್ದುಗುಂಡು ಎಂದೇ ಎಣಿಸುತ್ತದೆ. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾಕ್ಕೆ ವಿಮಾನ ನಿಲ್ದಾಣದಲ್ಲಿ ಕೇಸು ಹಾಕಿಸಿಕೊಂಡವರಿದ್ದಾರೆ. ಹೊರಡುವ ಮುಂಚೆ ರೇಂಜಿಗೆ ಒಯ್ಯುವ ಬ್ಯಾಗನ್ನು ಬಟ್ಟೆ ತುಂಬಲು ಬಳಸಬೇಡ ಎಂದು ಮಗನಿಗೆ ಇಂದೇ ಫೋನ್ ಮಾಡಿ ಹೇಳಿ.