ಇಂಗ್ಲೆಂಡಿನಲ್ಲಿ ರೈತರ ಜೀತ ಕೊನೆಗೊಂಡಿದ್ದು ಹೇಗೆ?

ಒಂದೇ ಕಾನೂನಿನಿಂದ ಅದು ರದ್ದಾಗಲಿಲ್ಲ, ಸವೆದು ಹೋಯಿತು.

1348ರಲ್ಲಿ ಬಂದ ಪ್ಲೇಗ್ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹೊಲಗಳಿದ್ದವು, ಉಳುವ ಕೈಗಳು ಸಾಲದಾದವು. ಬದುಕುಳಿದವರು ಹೆಚ್ಚು ಕೂಲಿ ಕೇಳಿದರು, ಕೊಡದಿದ್ದರೆ ಬೇರೆ ಊರಿಗೆ ಹೊರಟರು. 1351ರ ಶಾಸನ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟದಲ್ಲೇ ಕಟ್ಟಿಹಾಕಲು ನೋಡಿತು. ಆ ಸಿಟ್ಟಿಗೆ ತಲೆಗಂದಾಯವೂ ಸೇರಿ 1381ರಲ್ಲಿ ರೈತರು ದಂಗೆ ಎದ್ದರು. ದಂಗೆಯನ್ನು ಕ್ರೂರವಾಗಿ ಹತ್ತಿಕ್ಕಿದರು. ಆದರೆ ಆಳುಗಳ ಕೊರತೆಯನ್ನು ಹತ್ತಿಕ್ಕುವುದು ಯಾರಿಂದಲೂ ಆಗಲಿಲ್ಲ.

15ನೇ ಶತಮಾನದಲ್ಲಿ ಬಿಟ್ಟಿ ದುಡಿಮೆಯ ಜಾಗಕ್ಕೆ ಮೆಲ್ಲಗೆ ಹಣದ ಗೇಣಿ ಬಂತು. ರೈತನ ಹಕ್ಕನ್ನು ಜಮೀನಿನ ಒಡೆಯನ ದಫ್ತರದಲ್ಲಿ ಬರೆದು, ಅದರ ನಕಲನ್ನು ಅವನ ಕೈಗೆ ಕೊಡುತ್ತಿದ್ದರು. ನನ್ನ ಮಟ್ಟಿಗೆ ಇಡೀ ಬದಲಾವಣೆಯ ತಿರುಳು ಆ ನಕಲಿನಲ್ಲಿದೆ: ಹುಟ್ಟಿನಿಂದ ಬಂದ ಕಟ್ಟು ಕರಾರಾಯಿತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಉಣ್ಣೆಯ ಲಾಭಕ್ಕಾಗಿ ಒಡೆಯರು ಹೊಲಗಳಿಗೆ ಬೇಲಿ ಹಾಕಿ ಕುರಿ ಬಿಟ್ಟರು. ನೆಲ ತಪ್ಪಿದವರು ಊರೂರು ಅಲೆದರು. 1536ರಿಂದ 1540ರೊಳಗೆ ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಅಲ್ಲಿ ಸಿಗುತ್ತಿದ್ದ ಭಿಕ್ಷೆಯೂ ನಿಂತಿತು. 1601ರ ಬಡವರ ಕಾನೂನಿನಡಿ ಪ್ರತಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ತೆರಿಗೆ ಎತ್ತಿ ತನ್ನ ಬಡವರನ್ನು ಸಾಕಬೇಕಾಯಿತು.